ಲೀನ್ ಮ್ಯಾಪ್‌ನಲ್ಲಿ ನೀರು, ಕರೆಂಟು ಬರೆದ ಮೇಲೆ

ನಾನು ಲೋಹದ ಬಿಡಿಭಾಗ ಮಾಡುವ ಫ್ಯಾಕ್ಟರಿಯೊಂದರಲ್ಲಿ ಪ್ರೋಸೆಸ್ ಇಂಜಿನಿಯರ್. ಮೆಷಿನಿಂಗ್ ಆದ ಪೀಸ್‌ಗಳನ್ನು ತೊಳೆದು, ಪೌಡರ್ ಕೋಟಿಂಗ್, ಅಂದರೆ ಪುಡಿ ರೂಪದ ಬಣ್ಣ ಹಾಕಿ, ಓವನ್‌ನಲ್ಲಿ ಬಿಸಿ ಕೊಟ್ಟು ಗಟ್ಟಿ ಮಾಡಿ (ಕ್ಯೂರ್ ಮಾಡಿ) ಕಳಿಸುತ್ತೇವೆ. ನಮ್ಮಲ್ಲಿ ಲೀನ್, ಅಂದರೆ ವೇಸ್ಟ್ ಹುಡುಕಿ ಕಡಿಮೆ ಮಾಡುತ್ತಾ ಕೆಲಸ ನಡೆಸುವ ಪದ್ಧತಿ, ಹೊಸದೇನಲ್ಲ. 5ಎಸ್ (ಕೆಲಸದ ಜಾಗ ಅಚ್ಚುಕಟ್ಟಾಗಿ ಇಡುವುದು), ಕಾನ್ಬಾನ್ (ಬೇಕಾದಷ್ಟೇ ಮಾಲು ಕೇಳುವ ಕಾರ್ಡು), ಕೈಜೆನ್ (ಚಿಕ್ಕ ಚಿಕ್ಕ ಸುಧಾರಣೆ) ಬೋರ್ಡು ಎಲ್ಲ ಮೊದಲೇ ಇತ್ತು. ಪರಿಸರದ ಕಡೆ, ಪರಿಸರ ನಿರ್ವಹಣೆಯ ಸ್ಟ್ಯಾಂಡರ್ಡ್ ಐಎಸ್‌ಒ 14001 ಕೂಡ ಇತ್ತು. ಆದರೆ ಎರಡಕ್ಕೂ ಬೇರೆ ಟೀಮು, ಬೇರೆ ಎಕ್ಸೆಲ್ ಶೀಟು, ಬೇರೆ ಮೀಟಿಂಗು. ಲೀನ್‌ನವರು ಸೆಕೆಂಡು ಎಣಿಸುತ್ತಿದ್ದರು, ಪರಿಸರದವರು ಆಡಿಟ್ ಬಂದಾಗ ಫೈಲ್ ಹೊರಗೆ ತೆಗೆಯುತ್ತಿದ್ದರು. ಇವೆರಡನ್ನೂ ಸೇರಿಸಿ ಮಾಡಿ, ಏನು ಲಾಭ ಆಯ್ತು ಅಂತ ಅಳೆದು ತೋರಿಸಿ ಅಂತ ಮೇಲಿನವರು ಹೇಳಿದರು. ಸೇರಿಸುವುದು ಹೇಗೋ ಆಯಿತು. ಅಳೆಯುವುದರಲ್ಲೇ ಬೆವರಿಳಿದದ್ದು. ಅದರ ಕಥೆಯೇ ಇಲ್ಲಿ ಜಾಸ್ತಿ ಇದೆ.

ಲೀನ್ ಬಲ್ಲವರಿಗೆ ಟೊಯೋಟಾದ ತೈಇಚಿ ಓನೋ ಪಟ್ಟಿ ಮಾಡಿದ ಏಳು ವೇಸ್ಟ್ ಗೊತ್ತೇ ಇರುತ್ತದೆ. ಬೇಕಾದ್ದಕ್ಕಿಂತ ಜಾಸ್ತಿ ತಯಾರಿಸುವುದು, ಕಾಯುವುದು, ಸುಮ್ನೆ ಅಲ್ಲಿಂದಿಲ್ಲಿಗೆ ಸಾಗಿಸುವುದು, ಬೇಡದ ಪ್ರೋಸೆಸಿಂಗ್, ಸ್ಟಾಕ್, ಓಡಾಟ, ರಿಜೆಕ್ಷನ್. ಈ ಪಟ್ಟಿಯಲ್ಲಿ ಕರೆಂಟು, ನೀರು, ಕೆಮಿಕಲ್ ಅಂತ ಎಲ್ಲೂ ಬರೆದಿಲ್ಲ. ಆದರೆ ಸ್ವಲ್ಪ ಕೆದಕಿದರೆ ಏಳರಲ್ಲೂ ಅವು ಸಿಗುತ್ತವೆ. ಉದಾಹರಣೆಗೆ ಕಾಯುವುದನ್ನೇ ತಗೊಳ್ಳಿ. ನಮ್ಮ ಕ್ಯೂರಿಂಗ್ ಓವನ್ 180–200 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಿಂತಿರುತ್ತದೆ. ಎರಡು ಬ್ಯಾಚ್ ನಡುವೆ ಗ್ಯಾಪ್ ಬಿತ್ತು ಅಂದರೆ ಲೀನ್ ಟೀಮಿನ ಲೆಕ್ಕದಲ್ಲಿ ಅದು ಬರೀ ಸಮಯ ಹೋದ ಹಾಗೆ. ಓವನ್‌ಗೆ ಮಾತ್ರ ಒಳಗೆ ಪೀಸ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಗೋಡೆಯಿಂದ ಬಿಸಿ ಸೋರುತ್ತಲೇ ಇರುತ್ತದೆ, ಎಕ್ಸಾಸ್ಟ್ ಫ್ಯಾನ್ ಬಿಸಿ ಗಾಳಿಯನ್ನು ಹೊರಗೆ ಎಳೆಯುತ್ತಲೇ ಇರುತ್ತದೆ, ಬರ್ನರ್ ಉರಿಯುತ್ತಲೇ ಇರುತ್ತದೆ.

ಹಾಗಾಗಿ ಮೊದಲು ಮಾಡಿದ ಕೆಲಸ ತುಂಬಾ ಸರಳ. ನಮ್ಮ ಹಳೆಯ ವ್ಯಾಲ್ಯೂ ಸ್ಟ್ರೀಮ್ ಮ್ಯಾಪ್ (ಮಾಲು ಬಂದಲ್ಲಿಂದ ಹೊರಗೆ ಹೋಗುವವರೆಗಿನ ಎಲ್ಲ ಹಂತದ ನಕ್ಷೆ) ತೆಗೆದು, ಪ್ರತಿ ಪ್ರೋಸೆಸ್ ಬಾಕ್ಸ್ ಕೆಳಗೆ ಸೈಕಲ್ ಟೈಮ್ (ಒಂದು ಪೀಸ್‌ಗೆ ಹಿಡಿಯುವ ಸಮಯ), ಚೇಂಜ್‌ಓವರ್ ಟೈಮ್ (ಒಂದು ಬಗೆಯ ಮಾಲಿನಿಂದ ಇನ್ನೊಂದಕ್ಕೆ ಬದಲಿಸಲು ಬೇಕಾದ ಸಮಯ) ಜೊತೆಗೆ ಇನ್ನೂ ನಾಲ್ಕು ಸಾಲು ಸೇರಿಸಿದೆವು. ಕರೆಂಟು ಮತ್ತು ಗ್ಯಾಸ್, ನೀರು, ಕೆಮಿಕಲ್, ಹೊರಗೆ ಹೋಗುವ ಕಸ. ಇದು ನಮ್ಮ ಸ್ವಂತ ಐಡಿಯಾ ಏನಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ, ಲೀನ್ ಮತ್ತು ಪರಿಸರವನ್ನು ಒಟ್ಟಿಗೆ ನೋಡುವುದು ಹೇಗೆ ಅಂತ ಟೂಲ್‌ಕಿಟ್‌ಗಳನ್ನೇ ಮಾಡಿಟ್ಟಿದೆ, ಅದರಲ್ಲೂ ಇದೇ ದಾರಿ ಇದೆ.

ಮ್ಯಾಪ್ ಬರೆದು ಮುಗಿಸಿದಾಗ ಒಂದು ವಿಷಯ ಕಣ್ಣಿಗೆ ಹೊಡೆಯಿತು. ಸಮಯದ ಸಾಲು ಪೂರ್ತಿ ತುಂಬಿತ್ತು, ಹೊಸ ನಾಲ್ಕು ಸಾಲು ಹೆಚ್ಚುಕಡಿಮೆ ಖಾಲಿ. ಇಡೀ ಪ್ಲಾಂಟಿಗೆ ಒಂದು ಮೇನ್ ಮೀಟರು, ನೀರಿಗೂ ಒಂದೇ. ಯಾವ ಮೆಷಿನ್ ಎಷ್ಟು ಕುಡಿಯುತ್ತೆ ಅಂತ ಕೇಳಿದರೆ ಮೇಂಟೆನೆನ್ಸ್‌ನವರು ನೇಮ್‌ಪ್ಲೇಟ್ ತೋರಿಸಿದರು. ನೇಮ್‌ಪ್ಲೇಟ್‌ನಲ್ಲಿ ಇರುವುದು ಮೋಟರ್ ಎಷ್ಟು ಕೊಡಬಲ್ಲದು ಅನ್ನುವುದು. ಈಗ ಎಷ್ಟು ಎಳೀತಾ ಇದೆ ಅನ್ನುವುದಕ್ಕೂ ಅದಕ್ಕೂ ಸಂಬಂಧ ಕಡಿಮೆ. ಎಲ್ಲದಕ್ಕೂ ಮೀಟರ್ ಹಾಕಲು ಬಜೆಟ್ ಸಿಗಲಿಲ್ಲ. ಕರೆಂಟು ಅಳೆದು ದಾಖಲಿಸುವ ಒಂದು ಪೋರ್ಟಬಲ್ ಲಾಗರ್ ತಗೊಂಡು, ಅದನ್ನೇ ಒಂದು ಪ್ಯಾನಲ್‌ನಿಂದ ಇನ್ನೊಂದಕ್ಕೆ ಬದಲಿಸುತ್ತಾ ಪ್ರತಿ ಕಡೆ ಪೂರ್ತಿ ವಾರದ ರೀಡಿಂಗ್ ತಗೊಂಡೆವು. ವಾರ ಪೂರ್ತಿ ಯಾಕೆ ಅಂದರೆ ರಜಾ ದಿನವೂ ಅದರಲ್ಲಿ ಬರಬೇಕು. ಅದೇ ಮುಖ್ಯ.

ರಜಾ ದಿನದ ಗ್ರಾಫ್ ನೋಡಿ ಎಲ್ಲರೂ ಸುಮ್ಮನಾದರು. ಒಂದು ಪೀಸೂ ತಯಾರಾಗದ ದಿನ ಕರೆಂಟಿನ ಗೆರೆ ನೆಲಕ್ಕೆ ಇಳಿದಿರಲೇ ಇಲ್ಲ. ಟೊಯೋಟಾದಲ್ಲಿ 'ಎನರ್ಜಿ ಟ್ರೆಷರ್ ಹಂಟ್' ಅಂತ ಮಾಡುತ್ತಾರೆ, ಪ್ಲಾಂಟ್ ನಿಂತಿರುವ ದಿನ ಒಳಗೆ ಹೋಗಿ ಏನೇನು ಓಡ್ತಾ ಇದೆ ಅಂತ ಹುಡುಕುವುದು. ನಾವೂ ಹಾಗೇ ಹೋದೆವು. ಕೈಯಲ್ಲಿ ದೊಡ್ಡ ಸಾಮಾನು ಏನೂ ಬೇಕಾಗಲಿಲ್ಲ, ಕಿವಿ ಸಾಕಾಯಿತು. ಕೆಲಸದ ದಿನ ಗದ್ದಲದಲ್ಲಿ ಕೇಳದ ಸದ್ದು ಆ ದಿನ ಎಲ್ಲ ಮೂಲೆಯಿಂದಲೂ ಬರುತ್ತಿತ್ತು. ಸ್ಸ್ಸ್ ಅಂತ. ಹೋಸ್ ಜಾಯಿಂಟು, ಕ್ವಿಕ್ ಕಪ್ಲಿಂಗ್, ಎಂದೋ ತೆಗೆದುಹಾಕಿದ ಮೆಷಿನ್‌ಗೆ ಇನ್ನೂ ಗಾಳಿ ಕೊಡ್ತಾ ಇದ್ದ ಲೈನು.

ಕಂಪ್ರೆಸ್ಡ್ ಏರ್, ಅಂದರೆ ಒತ್ತಿ ತುಂಬಿದ ಗಾಳಿಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಇದನ್ನು ಜನ ಪುಕ್ಕಟೆ ಅಂದುಕೊಂಡಿದ್ದಾರೆ. ಕಂಪ್ರೆಸರ್‌ಗೆ ಹೋಗುವ ಕರೆಂಟಿನಲ್ಲಿ ಕೊನೆಗೆ ಉಪಯೋಗದ ಕೆಲಸವಾಗಿ ಸಿಗುವುದು ಹೆಚ್ಚೆಂದರೆ ಶೇ. 10–15, ಉಳಿದದ್ದು ಬಹುಪಾಲು ಬಿಸಿಯಾಗಿ ಹೋಗುತ್ತದೆ. ಸರಿಯಾಗಿ ನೋಡಿಕೊಳ್ಳದ ಪ್ಲಾಂಟ್‌ನಲ್ಲಿ ಶೇ. 20–30 ಗಾಳಿ ಸೋರಿ ಹೋಗುವುದು ಸಾಮಾನ್ಯ. 7 ಬಾರ್ ಲೈನಿನಲ್ಲಿ 3 ಮಿಲಿಮೀಟರ್ ತೂತು ಇದ್ದರೆ ಅದೊಂದಕ್ಕೇ ಸುಮಾರು 3 ಕಿಲೋವ್ಯಾಟ್ ಬೇಕು. ದಿನಕ್ಕೆ 70 ಯೂನಿಟ್ ಹತ್ತಿರ.

ಸೋರಿಕೆ ಎಷ್ಟು ಅಂತ ಅಳೆಯಲು ದುಬಾರಿ ಫ್ಲೋ ಮೀಟರೇ ಬೇಕು ಅಂತೇನಿಲ್ಲ. ಲೋಡ್-ಅನ್‌ಲೋಡ್ ಕಂಪ್ರೆಸರ್ (ಲೋಡ್‌ನಲ್ಲಿ ಗಾಳಿ ತುಂಬುತ್ತದೆ, ಅನ್‌ಲೋಡ್‌ನಲ್ಲಿ ಸುಮ್ನೆ ತಿರುಗುತ್ತದೆ) ಆದರೆ, ಯಾರೂ ಗಾಳಿ ಬಳಸದ ಹೊತ್ತಲ್ಲಿ ಅದರ ಮುಂದೆ ಗಡಿಯಾರ ಹಿಡಿದು ನಿಲ್ಲಿ. ಎಷ್ಟು ಹೊತ್ತು ಲೋಡ್‌ನಲ್ಲಿ ಇತ್ತು, ಎಷ್ಟು ಹೊತ್ತು ಅನ್‌ಲೋಡ್‌ನಲ್ಲಿ ಇತ್ತು ಬರೆದುಕೊಳ್ಳಿ. 3 ನಿಮಿಷ ಲೋಡ್, 7 ನಿಮಿಷ ಅನ್‌ಲೋಡ್ ಅಂದರೆ 10ಕ್ಕೆ 3, ಕಂಪ್ರೆಸರ್ ಸಾಮರ್ಥ್ಯದ ಶೇ. 30 ತೂತುಗಳಿಗೆ ಹೋಗ್ತಾ ಇದೆ. ಹಲವು ಸುತ್ತು ನೋಡಿ ಸರಾಸರಿ ತೆಗೆದರೆ ಇನ್ನೂ ಒಳ್ಳೆಯದು. ಈ ಒಂದು ಟೆಸ್ಟ್ ನಮ್ಮಲ್ಲಿ ಮಾಡಿದಷ್ಟು ಕೆಲಸವನ್ನು ಯಾವ ಪ್ರೆಸೆಂಟೇಷನ್ನೂ ಮಾಡಲಿಲ್ಲ. ಲೀಕ್ ಸಿಕ್ಕ ಕಡೆ 5ಎಸ್‌ನ ರೆಡ್ ಟ್ಯಾಗ್ ಕಟ್ಟಿದೆವು, ಸರಿ ಮಾಡಿದವರೇ ಟ್ಯಾಗ್ ಬಿಚ್ಚಬೇಕು. ಆಮೇಲೆ ಪ್ರೆಶರ್ ಇಳಿಸುವ ಮಾತು ಬಂತು. 1 ಬಾರ್ ಇಳಿಸಿದರೆ ಕಂಪ್ರೆಸರ್ ಕರೆಂಟು ಸುಮಾರು ಶೇ. 7 ಕಡಿಮೆಯಾಗುತ್ತದೆ. ಪ್ರೆಶರ್ ಜಾಸ್ತಿ ಬೇಕು ಅಂತಿದ್ದದ್ದು ದೂರದ ಒಂದು ಫಿಕ್ಸ್ಚರ್ ಮಾತ್ರ, ಅದರ ಸಿಲಿಂಡರ್ ಬದಲಾಯಿಸಿದ ಮೇಲೆ ಇಡೀ ಪ್ಲಾಂಟಿನ ಪ್ರೆಶರ್ ಇಳಿಸಲು ಯಾರೂ ತಕರಾರು ಮಾಡಲಿಲ್ಲ.

ಇಲ್ಲಿಯವರೆಗೆ ಎಲ್ಲ ಸುಲಭ. ಲೀನ್ ಮಾಡಿದರೆ ಪರಿಸರಕ್ಕೂ ಒಳ್ಳೆಯದು ಅಂತ ಎಲ್ಲರೂ ಹೇಳುವ ಮಾತು ಇಲ್ಲಿಯವರೆಗೆ ನಿಜವೇ. ಆಮೇಲೆ ಬ್ಯಾಚ್ ಸೈಜ್ ವಿಷಯ ಬಂತು ನೋಡಿ.

ಲೀನ್‌ನಲ್ಲಿ ಬ್ಯಾಚ್ ಚಿಕ್ಕದಾದಷ್ಟೂ ಒಳ್ಳೆಯದು. ಸ್ಟಾಕ್ ಕಡಿಮೆ, ಲೀಡ್ ಟೈಮ್ (ಆರ್ಡರ್‌ನಿಂದ ಮಾಲು ಕೊಡುವವರೆಗಿನ ಸಮಯ) ಕಡಿಮೆ, ತಪ್ಪು ಬೇಗ ಸಿಕ್ಕಿಬೀಳುತ್ತದೆ. ಅದಕ್ಕಾಗಿ ಜಪಾನಿನ ಇಂಜಿನಿಯರ್ ಶಿಗಿಯೋ ಶಿಂಗೋ ಅವರ ಸ್ಮೆಡ್ ವಿಧಾನ ಹಿಡಿದು ಚೇಂಜ್‌ಓವರ್ ಟೈಮ್ ಇಳಿಸುತ್ತೇವೆ. ನಮ್ಮ ಪೌಡರ್ ಬೂತ್‌ನಲ್ಲೂ ಅದನ್ನೇ ಮಾಡಿದ್ದರು. ಬಣ್ಣ ಬದಲಾಯಿಸುವುದು ಎಷ್ಟು ಬೇಗ ಆಯಿತು ಅಂದರೆ, ಪ್ಲಾನಿಂಗ್‌ನವರು ಖುಷಿಯಾಗಿ ಒಂದೇ ಶಿಫ್ಟ್‌ನಲ್ಲಿ ಬಣ್ಣದ ಮೇಲೆ ಬಣ್ಣ ಬದಲಿಸಲು ಶುರು ಮಾಡಿದರು. ಲೀನ್ ಬೋರ್ಡಿನಲ್ಲಿ ಎಲ್ಲ ಹಸಿರು. ಆದರೆ ಪೀಸ್‌ಗೆ ಅಂಟದೆ ಉದುರುವ ಪೌಡರ್ ಇದೆಯಲ್ಲ, ಅದನ್ನು ಹಿಡಿದು ಮತ್ತೆ ಬಳಸಬೇಕಾದರೆ ಅದೇ ಬಣ್ಣ ಬೂತ್‌ನಲ್ಲಿ ಸ್ವಲ್ಪ ಹೊತ್ತು ಓಡಬೇಕು. ಬಣ್ಣ ಬೇಗ ಬೇಗ ಬದಲಾದರೆ ಎಲ್ಲ ಬೆರೆತುಹೋಗಿ ಕಸದ ಡ್ರಮ್‌ಗೇ ಹೋಗುತ್ತದೆ. ಪ್ರತಿ ಸಲ ಗನ್ನು, ಹೋಸು ಊದಿ ಕ್ಲೀನ್ ಮಾಡಬೇಕು, ಅದಕ್ಕೆ ಮತ್ತೆ ಕಂಪ್ರೆಸ್ಡ್ ಏರ್. ಆ ಡ್ರಮ್ ಯಾರ ಬೋರ್ಡಿನಲ್ಲೂ ಇರಲಿಲ್ಲ.

ಹೊಸ ಮ್ಯಾಪ್‌ನಲ್ಲಿ ಕಸದ ಸಾಲು ಇದ್ದದ್ದರಿಂದ ಡ್ರಮ್ ಕಣ್ಣಿಗೆ ಬಿತ್ತು. ಮುಂದಿನ ಮೀಟಿಂಗ್ ಜೋರಾಗೇ ನಡೆಯಿತು. "ಹಾಗಾದರೆ ಮತ್ತೆ ದೊಡ್ಡ ಬ್ಯಾಚ್‌ಗೆ ಹೋಗೋಣ ಅಂತೀರಾ ಸಾರ್?" ಅಂತ ಲೀನ್‌ನವರು ಕೇಳಿದರು. ದೊಡ್ಡ ಬ್ಯಾಚ್‌ಗೆ ಹೋದರೆ ಸ್ಟಾಕ್ ಬೆಳೆಯುತ್ತದೆ, ಸ್ಟಾಕ್ ಇಡುವ ಜಾಗಕ್ಕೆ ಲೈಟು, ಫ್ಯಾನು ಬೇಕು, ತುಕ್ಕು ಹಿಡಿದದ್ದನ್ನು ಮತ್ತೆ ತೊಳೆಯಬೇಕು. ಅದೂ ಪರಿಸರಕ್ಕೆ ಹೊರೆಯೇ. ಕೊನೆಗೆ ದಾರಿ ಸಿಕ್ಕಿದ್ದು ಲೀನ್ ಒಳಗೇ. ಹೈಜುಂಕಾ, ಅಂದರೆ ಕೆಲಸವನ್ನು ಸಮವಾಗಿ ಹರಡುವ ವಿಧಾನ, ಅದನ್ನು ಬಣ್ಣಕ್ಕೆ ಹಾಕಿದೆವು. ತಿಳಿ ಬಣ್ಣದಿಂದ ಶುರು ಮಾಡಿ ಗಾಢ ಬಣ್ಣಕ್ಕೆ ಹೋಗುವ ಖಾಯಂ ಸರದಿ. ಜಾಸ್ತಿ ಓಡುವ ಒಂದು ಬಣ್ಣಕ್ಕೆ ಒಂದು ಬೂತ್ ಮೀಸಲು, ಅಲ್ಲಿಯ ಪೌಡರ್ ಪೂರ್ತಿ ವಾಪಸ್ ಬಳಕೆಗೆ. ಒಂದೇ ಬಣ್ಣದ ಬೇರೆ ಬೇರೆ ಪಾರ್ಟ್‌ಗಳು ಒಟ್ಟಿಗೆ ಹೋಗುತ್ತವೆ, ಹಾಗಾಗಿ ಪಾರ್ಟ್ ಲೆಕ್ಕದಲ್ಲಿ ಬ್ಯಾಚ್ ಚಿಕ್ಕದು, ಬಣ್ಣದ ಲೆಕ್ಕದಲ್ಲಿ ದೊಡ್ಡದು. ಪ್ಲಾನಿಂಗ್‌ನವರಿಗೆ ಸ್ವಲ್ಪ ಕೈ ಕಟ್ಟಿದ ಹಾಗಾಯಿತು, ನಿಜ. ಅರ್ಜೆಂಟ್ ಆರ್ಡರ್ ಬಂದಾಗ ಈಗಲೂ ಜಗಳ ಆಗುತ್ತದೆ.

ತೊಳೆಯುವ ಲೈನ್ ಕಥೆ ನನಗೆ ಇದಕ್ಕಿಂತ ಇಷ್ಟ. ಅಲ್ಲಿ ಮೊದಲು ಎಣ್ಣೆ ಜಿಡ್ಡು ತೆಗೆಯುವ (ಡಿಗ್ರೀಸಿಂಗ್) ಕೆಮಿಕಲ್ ಟ್ಯಾಂಕು, ಆಮೇಲೆ ನೀರಿನ ಟ್ಯಾಂಕು. ಪೀಸ್‌ಗಳು ಹ್ಯಾಂಗರ್‌ನಲ್ಲಿ ನೇತಾಡುತ್ತಾ ಒಂದರಿಂದ ಇನ್ನೊಂದಕ್ಕೆ ಹೋಗುತ್ತವೆ. ನಮ್ಮ ಒಂದು ಪಾರ್ಟ್ ಬಟ್ಟಲಿನ ಆಕಾರದ್ದು. ಅದನ್ನು ಕೊಕ್ಕೆಗೆ ಸಿಕ್ಕಿಸುವಾಗ ಬಾಯಿ ಮೇಲೆ ಬರುವ ಹಾಗೆ ಹಾಕುತ್ತಿದ್ದರು, ಹಾಗೆ ಹಾಕುವುದು ಕೈಗೆ ಸುಲಭ. ಟ್ಯಾಂಕಿನಿಂದ ಮೇಲೆ ಎದ್ದಾಗ ಪ್ರತಿ ಪೀಸ್ ತನ್ನೊಳಗೆ ಕೆಮಿಕಲ್ ತುಂಬಿಕೊಂಡು ಹೋಗಿ ನೀರಿನ ಟ್ಯಾಂಕಿಗೆ ಸುರಿಯುತ್ತಿತ್ತು. ನೀರು ಬೇಗ ಹಾಳಾಗುತ್ತದೆ ಅಂತ ನಲ್ಲಿ ಪೂರ್ತಿ ತೆಗೆದಿಟ್ಟಿದ್ದರು. ಕೆಮಿಕಲ್ ಟ್ಯಾಂಕಿಗೆ ಮತ್ತೆ ಮತ್ತೆ ಟಾಪ್-ಅಪ್. ಆ ನೀರೆಲ್ಲ ಹೋಗುವುದು ಇಟಿಪಿಗೆ, ಅಂದರೆ ಕೊಳೆ ನೀರು ಶುದ್ಧ ಮಾಡುವ ಘಟಕಕ್ಕೆ, ಅಲ್ಲಿ ಅದನ್ನು ಶುದ್ಧ ಮಾಡಲು ಮತ್ತೆ ಕೆಮಿಕಲ್, ಪಂಪು, ಕೊನೆಗೆ ಕೆಸರು.

ಕೊಕ್ಕೆಯ ತುದಿಯನ್ನು ಸ್ವಲ್ಪ ಬಗ್ಗಿಸಿದರೆ ಪೀಸ್ ಓರೆಯಾಗಿ ಬಾಯಿ ಕೆಳಗೆ ಮಾಡಿ ನಿಲ್ಲುತ್ತದೆ ಅಂತ ತೋರಿಸಿಕೊಟ್ಟವರು ಆ ಲೈನಿನ ಆಪರೇಟರ್. ಅವರಿಗೆ ಇದು ಮೊದಲಿನಿಂದಲೂ ಗೊತ್ತಿತ್ತು, ಯಾರೂ ಕೇಳಿರಲಿಲ್ಲ ಅಷ್ಟೇ. ಜೊತೆಗೆ ಟ್ಯಾಂಕಿನ ಮೇಲೆ ಪೀಸ್ ಇನ್ನಷ್ಟು ಸೆಕೆಂಡ್ ನಿಂತು ಹನಿ ಇಳಿಸಿ ಮುಂದೆ ಹೋಗುವ ಹಾಗೆ ಮಾಡಿದೆವು. ಇಲ್ಲಿ ಲೀನ್‌ನವರು ಮತ್ತೆ ತಡೆದರು. ಸೆಕೆಂಡು ಸೇರಿಸುವುದು ಅಂದರೆ ಅವರಿಗೆ ಜೀವ ಹೋದ ಹಾಗೆ. ಲಾಗರ್ ಹಿಡಿದು ನೋಡಿದಾಗ ಇಡೀ ಲೈನಿನ ಬಾಟಲ್‌ನೆಕ್, ಅಂದರೆ ಎಲ್ಲಕ್ಕಿಂತ ನಿಧಾನದ ಹಂತ, ಇದ್ದದ್ದು ಓವನ್‌ನಲ್ಲಿ, ತೊಳೆಯುವ ಕಡೆ ಸ್ವಲ್ಪ ನಿಂತರೂ ಔಟ್‌ಪುಟ್ ಕಡಿಮೆಯಾಗುವುದಿಲ್ಲ ಅಂತ ಗೊತ್ತಾಯಿತು. ಸೆಕೆಂಡು ಉಳಿಸುವುದು ಎಲ್ಲ ಕಡೆಯೂ ಒಂದೇ ಬೆಲೆಯದ್ದಲ್ಲ ಅಲ್ವಾ, ಬಾಟಲ್‌ನೆಕ್ ಅಲ್ಲದ ಕಡೆ ಉಳಿಸಿ ಏನು ಮಾಡೋದು.

ಆಮೇಲೆ ಒಂದೇ ನೀರಿನ ಟ್ಯಾಂಕನ್ನು ಎರಡು ಭಾಗ ಮಾಡಿ ನೀರನ್ನು ಎದುರು ದಿಕ್ಕಿನಲ್ಲಿ ಹರಿಸಿದೆವು. ಪೀಸ್ ಮುಂದಕ್ಕೆ, ನೀರು ಹಿಂದಕ್ಕೆ. ಹೊಸ ನೀರು ಕೊನೆಯ ಟ್ಯಾಂಕಿಗೆ ಬಂದು, ಅಲ್ಲಿಂದ ಮೊದಲನೆಯದಕ್ಕೆ. ಇದರ ಲೆಕ್ಕ ನೋಡಿದರೆ ಮೊದಲ ಸಲ ಯಾರಿಗೂ ನಂಬಿಕೆ ಬರುವುದಿಲ್ಲ. ಪೀಸ್‌ಗಳ ಜೊತೆ ಗಂಟೆಗೆ 1 ಲೀಟರ್ ಕೆಮಿಕಲ್ ಬರುತ್ತಿದೆ, ಅದು ಸಾವಿರ ಪಟ್ಟು ತೆಳುವಾಗಬೇಕು ಅಂದುಕೊಳ್ಳಿ. ಒಂದೇ ಟ್ಯಾಂಕ್ ಆದರೆ ಗಂಟೆಗೆ 1,000 ಲೀಟರ್ ನೀರು ಬೇಕು. ಎರಡು ಟ್ಯಾಂಕ್ ಎದುರು ಹರಿವಿನಲ್ಲಿದ್ದರೆ ಸುಮಾರು 32 ಲೀಟರ್ ಸಾಕು. ಮೂರು ಆದರೆ 10. ಸಾವಿರದ ವರ್ಗಮೂಲ, ಘನಮೂಲ ಅಷ್ಟೇ. ಕಾಗದದ ಮೇಲಿನ ಲೆಕ್ಕ ಇದು, ಟ್ಯಾಂಕ್ ಒಳಗೆ ನೀರು ಅಷ್ಟು ಚೆನ್ನಾಗಿ ಬೆರೆಯುವುದಿಲ್ಲ, ಅದಕ್ಕೆ ನಿಜದಲ್ಲಿ ಇಷ್ಟು ಸಿಗಲ್ಲ. ಆದರೂ ನಲ್ಲಿಯನ್ನು ಅರ್ಧಕ್ಕಿಂತ ಎಷ್ಟೋ ಕೆಳಗೆ ತಿರುಗಿಸಲು ಆಯಿತು. ಕಂಡಕ್ಟಿವಿಟಿ ಮೀಟರ್ ಹಾಕಿ, ನೀರು ಕೊಳೆಯಾದಾಗ ಮಾತ್ರ ನಲ್ಲಿ ತೆರೆಯುವ ಹಾಗೆ ಮಾಡಿದ್ದು ಆಮೇಲಿನ ಮಾತು.

ಈಗ ಅಳತೆಗೆ ಬರುತ್ತೇನೆ. ಎಲ್ಲ ಮಾಡಿದ್ದಾಯಿತು, ಫಲ ತೋರಿಸಬೇಕು. ಎಲ್ಲರಿಗೂ ಮೊದಲು ಹೊಳೆಯುವುದು ಒಂದು ಪೀಸ್‌ಗೆ ಎಷ್ಟು ಯೂನಿಟ್ ಅನ್ನುವ ಲೆಕ್ಕ. ತಿಂಗಳ ಕರೆಂಟನ್ನು ಪೀಸ್ ಸಂಖ್ಯೆಯಿಂದ ಭಾಗಿಸಿದರೆ ಮುಗಿಯಿತು. ಮೇಲಿನವರ ಡ್ಯಾಶ್‌ಬೋರ್ಡ್ ಅದನ್ನೇ ಕೇಳುತ್ತಿತ್ತು. ನನಗೆ ಆ ಸಂಖ್ಯೆ ಮೇಲೆ ಮೊದಲಿನಿಂದಲೂ ನಂಬಿಕೆ ಇರಲಿಲ್ಲ. ಪ್ಲಾಂಟಿನಲ್ಲಿ ಒಂದಷ್ಟು ಕರೆಂಟು ಮನೆ ಬಾಡಿಗೆ ಇದ್ದ ಹಾಗೆ, ನೀವು ಊರಲ್ಲಿದ್ದರೂ ಕೊಡಬೇಕು, ಇಲ್ಲದಿದ್ದರೂ ಕೊಡಬೇಕು.

ನಮ್ಮ ಪ್ಲಾಂಟಿನ ನಿಜವಾದ ಅಂಕಿ ಹೊರಗೆ ಹಾಕುವ ಹಾಗಿಲ್ಲ, ಹಾಗಾಗಿ ಲೆಕ್ಕಕ್ಕೆ ಸುಲಭವಾದ ಅಂಕಿ ಇಟ್ಟು ಹೇಳುತ್ತೇನೆ. ಒಂದು ಪ್ಲಾಂಟಿಗೆ ಏನೂ ತಯಾರಿಸದಿದ್ದರೂ ತಿಂಗಳಿಗೆ 60,000 ಯೂನಿಟ್ ಬೇಕು, ಅದರ ಮೇಲೆ ಪ್ರತಿ ಪೀಸ್‌ಗೆ 4 ಯೂನಿಟ್ ಅಂತ ಇಟ್ಟುಕೊಳ್ಳಿ. 10,000 ಪೀಸ್ ಮಾಡಿದ ತಿಂಗಳು ಒಟ್ಟು 1,00,000 ಯೂನಿಟ್, ಪೀಸ್‌ಗೆ 10. ಆರ್ಡರ್ ಜಾಸ್ತಿ ಬಂದು 15,000 ಪೀಸ್ ಮಾಡಿದರೆ 1,20,000 ಯೂನಿಟ್, ಪೀಸ್‌ಗೆ 8. ಶೇ. 20 ಉಳಿತಾಯ! ಯಾರೂ ಏನೂ ಮಾಡಿಲ್ಲ, ಆದರೂ ಕೇಕ್ ಕಟ್ ಮಾಡಬಹುದು. 7,500ಕ್ಕೆ ಇಳಿದ ತಿಂಗಳು ಪೀಸ್‌ಗೆ 12 ಆಗುತ್ತದೆ, ಆಗ ಎಲ್ಲರಿಗೂ ಬೈಗುಳ. ಅದಕ್ಕೂ ಯಾರೂ ಕಾರಣ ಅಲ್ಲ.

ಅದಕ್ಕೆ ನಾವು ಮಾಡಿದ್ದು ಇಷ್ಟು. ಯಾವುದನ್ನೂ ಬದಲಿಸುವ ಮುಂಚಿನ ತಿಂಗಳುಗಳ ಕರೆಂಟು ಮತ್ತು ಪೀಸ್ ಸಂಖ್ಯೆಯನ್ನು ಎಕ್ಸೆಲ್‌ನಲ್ಲಿ ಚುಕ್ಕಿ ಚುಕ್ಕಿಯಾಗಿ ಹಾಕಿ, ಅದರ ನಡುವೆ ನೇರ ಗೆರೆ ಎಳೆದೆವು. ಆ ಗೆರೆಯೇ ಬೇಸ್‌ಲೈನ್. ಆಮೇಲೆ ಪ್ರತಿ ತಿಂಗಳೂ ಒಂದೇ ಪ್ರಶ್ನೆ: ಹಳೆ ಪದ್ಧತಿಯಲ್ಲೇ ನಡೆದಿದ್ದರೆ ಇಷ್ಟು ಪೀಸ್‌ಗೆ ಎಷ್ಟು ಕರೆಂಟು ಬೇಕಿತ್ತು, ನಿಜವಾಗಿ ಎಷ್ಟು ಹೋಯಿತು? ಮೇಲಿನ ಲೆಕ್ಕದಲ್ಲೇ, 12,000 ಪೀಸ್ ಮಾಡಿದ ತಿಂಗಳಿಗೆ 1,08,000 ಯೂನಿಟ್ ಬೇಕಿತ್ತು. ನಿಜವಾಗಿ 99,000 ಹೋಯಿತು ಅಂದುಕೊಳ್ಳಿ. 9,000 ಉಳಿದಿದೆ, ಶೇ. 8ರ ಹತ್ತಿರ. ಪೀಸ್ ಲೆಕ್ಕ ಹಿಡಿದಿದ್ದರೆ 10ರಿಂದ 8.25ಕ್ಕೆ ಇಳಿಯಿತು, ಶೇ. 17.5 ಅಂತ ಬೋರ್ಡಿನಲ್ಲಿ ಬರುತ್ತಿತ್ತು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಆರ್ಡರ್ ಜಾಸ್ತಿ ಬಂದದ್ದರ ಪುಣ್ಯ.

ಇದನ್ನು ಮೀಟಿಂಗ್‌ನಲ್ಲಿ ತೋರಿಸುವುದು ಸುಲಭ ಇರಲಿಲ್ಲ. ದೊಡ್ಡ ಸಂಖ್ಯೆ ಬಿಟ್ಟು ಚಿಕ್ಕದನ್ನು ಯಾಕೆ ಹೇಳ್ತೀರಿ ಅಂತ ಕೇಳಿದರು. ಮುಂದೆ ಆರ್ಡರ್ ಇಳಿದಾಗ ಇದೇ ಗೆರೆ ನಮ್ಮನ್ನು ಕಾಪಾಡುತ್ತೆ ಅಂತ ಹೇಳಿ ಒಪ್ಪಿಸಬೇಕಾಯಿತು. ಆರ್ಡರ್ ಇಳಿದ ಕಾಲವೂ ಬಂತು, ಗೆರೆ ಕಾಪಾಡಿತು ಕೂಡ. ಪೀಸ್ ಲೆಕ್ಕದಲ್ಲಿ ಕೆಂಪು ಬಂದಿದ್ದ ತಿಂಗಳು ಬೇಸ್‌ಲೈನ್‌ಗೆ ಹೋಲಿಸಿದರೆ ಉಳಿತಾಯ ಹಾಗೇ ನಿಂತಿತ್ತು. ಎನರ್ಜಿ ಮ್ಯಾನೇಜ್‌ಮೆಂಟ್‌ನ ಐಎಸ್‌ಒ 50001 ಕೂಡ ಕೇಳುವುದು ಇಂಥ ಬೇಸ್‌ಲೈನನ್ನೇ.

ಕಾರ್ಬನ್ ಲೆಕ್ಕದಲ್ಲಿ ಇನ್ನೊಂದು ಕಿತಾಪತಿ ಇದೆ. ಡೀಸೆಲ್ ಆದರೆ ಲೀಟರ್‌ಗೆ ಸುಮಾರು 2.7 ಕೆಜಿ ಕಾರ್ಬನ್ ಡೈಆಕ್ಸೈಡ್, ಅದು ಬದಲಾಗುವುದಿಲ್ಲ. ಗ್ರಿಡ್ ಕರೆಂಟಿಗೆ ಹಾಗಲ್ಲ, ಅದು ಕಲ್ಲಿದ್ದಲಿನಿಂದ ಬಂತೋ ನೀರಿನಿಂದ ಬಂತೋ ಅನ್ನುವುದರ ಮೇಲೆ ಪ್ರತಿ ವರ್ಷ ಫ್ಯಾಕ್ಟರ್, ಅಂದರೆ ಯೂನಿಟ್‌ಗೆ ಎಷ್ಟು ಕಾರ್ಬನ್ ಅನ್ನುವ ಅಂಕಿ, ಬದಲಾಗುತ್ತದೆ. ಗ್ರಿಡ್ ಸ್ವಚ್ಛ ಆದರೆ ನೀವು ಒಂದು ಯೂನಿಟ್ ಉಳಿಸದಿದ್ದರೂ ನಿಮ್ಮ ಕಾರ್ಬನ್ ಇಳಿಯುತ್ತದೆ. ಅದಕ್ಕೆ ನಾವು ಎರಡು ಕಾಲಂ ಇಟ್ಟೆವು. ಒಂದರಲ್ಲಿ ಬೇಸ್‌ಲೈನ್ ವರ್ಷದ ಫ್ಯಾಕ್ಟರನ್ನೇ ಹಿಡಿದ ಲೆಕ್ಕ, ಅದು ನಮ್ಮ ಕೆಲಸದ ಫಲ. ಇನ್ನೊಂದರಲ್ಲಿ ಆಯಾ ವರ್ಷದ ಫ್ಯಾಕ್ಟರ್, ಅದು ರಿಪೋರ್ಟಿಗೆ.

ಸ್ಕ್ರ್ಯಾಪ್ ವಿಷಯ ಬೇಗ ಹೇಳಿಬಿಡುತ್ತೇನೆ. ರಿಜೆಕ್ಷನ್ ಶೇಕಡಾವಾರು ಮಾತ್ರ ನೋಡಿದರೆ ಮೊದಲ ಮೆಷಿನ್‌ನಲ್ಲಿ ಹಾಳಾದ ಪೀಸೂ, ಓವನ್ ಆಚೆ ಬಂದು ಹಾಳಾದ ಪೀಸೂ ಒಂದೇ. ಎರಡನೆಯದು ತನ್ನೊಳಗೆ ತೊಳೆದ ನೀರು, ಪೌಡರ್, ಗ್ಯಾಸ್ ಎಲ್ಲವನ್ನೂ ಹೊತ್ತುಕೊಂಡು ಹೋಗುತ್ತದೆ. 2011ರಲ್ಲಿ ಬಂದ ಐಎಸ್‌ಒ 14051 ಹೇಳುವುದು ಇದನ್ನೇ, ಕಸಕ್ಕೂ ಮಾಲಿನ ಹಾಗೆ ಪೂರ್ತಿ ಖರ್ಚು ಹಾಕಿ ಅಂತ. ನಾವು ಹಾಗೆ ಹಾಕಿದಾಗ ರಿಜೆಕ್ಷನ್ ಪಟ್ಟಿಯ ಕ್ರಮವೇ ತಿರುಗಿತು. ಸಂಖ್ಯೆಯಲ್ಲಿ ಕೆಳಗಿದ್ದ ಕೋಟಿಂಗ್ ಡಿಫೆಕ್ಟ್ ಮೇಲೆ ಬಂತು, ಮುಂದಿನ ಕೈಜೆನ್ ಅಲ್ಲೇ ಶುರುವಾಯಿತು.

ಲಾರಿ ಲೆಕ್ಕ ಮಾತ್ರ ಇನ್ನೂ ಬಗೆಹರಿದಿಲ್ಲ. ಜಸ್ಟ್ ಇನ್ ಟೈಮ್ ಅಂತ ಸಪ್ಲೈಯರ್ ಕೈಲಿ ಸ್ವಲ್ಪ ಸ್ವಲ್ಪ ತರಿಸಿದರೆ ನಮ್ಮ ಸ್ಟೋರ್ಸ್ ಖಾಲಿಯಾಗಿ ಚೆನ್ನಾಗಿ ಕಾಣುತ್ತದೆ, ರಸ್ತೆಯಲ್ಲಿ ಅರ್ಧ ತುಂಬಿದ ಲಾರಿ ಜಾಸ್ತಿ ಓಡುತ್ತವೆ. ಆ ಹೊಗೆ ನಮ್ಮ ಮೀಟರ್‌ನಲ್ಲಿ ಬರುವುದಿಲ್ಲ. ಗ್ರೀನ್‌ಹೌಸ್ ಗ್ಯಾಸ್ ಪ್ರೋಟೋಕಾಲ್‌ನಲ್ಲಿ ಇದು ಸ್ಕೋಪ್ 3, ಅಂದರೆ ನಮ್ಮ ಗೇಟಿನ ಆಚೆಯದ್ದು. ಹಲವು ಸಪ್ಲೈಯರ್‌ಗಳ ಮಾಲನ್ನು ಒಂದೇ ಲಾರಿ ಸುತ್ತಿಕೊಂಡು ಬರುವ ಮಿಲ್ಕ್ ರನ್ ಪದ್ಧತಿ ಒಂದು ರೂಟಿನಲ್ಲಿ ಚೆನ್ನಾಗಿ ನಡೀತಿದೆ. ಉಳಿದ ಕಡೆ ಡೀಸೆಲ್ ಅಂಕಿ ಕೊಡಿ ಅಂದರೆ ಸಪ್ಲೈಯರ್‌ಗಳು ಅಂದಾಜು ಕೊಡುತ್ತಾರೆ, ನಾವು ಅದನ್ನು ಅಂದಾಜು ಅಂತಲೇ ಬೇರೆ ಬಣ್ಣದಲ್ಲಿ ಬರೆಯುತ್ತೇವೆ.

ಬೋರ್ಡಿನ ಮೇಲೆ ಏನೇನು ಇಡಬೇಕು ಅನ್ನುವುದೂ ಒಂದು ದೊಡ್ಡ ಜಗಳವೇ. ಶುರುವಿನಲ್ಲಿ ಇದ್ದಬದ್ದ ಸೂಚ್ಯಂಕ ಎಲ್ಲ ತುಂಬಿಸಿದ್ದೆವು, ಯಾರೂ ತಿರುಗಿ ನೋಡಲಿಲ್ಲ. ಈಗ ಲೈನ್ ಹತ್ತಿರ ಇರುವ ಬೋರ್ಡಿನಲ್ಲಿ ಔಟ್‌ಪುಟ್, ಓಇಇ (ಮೆಷಿನ್ ಎಷ್ಟು ಚೆನ್ನಾಗಿ ಬಳಕೆಯಾಯಿತು ಅನ್ನುವ ಅಳತೆ), ರಜಾ ದಿನದ ಕರೆಂಟು, ತೊಳೆಯುವ ನೀರು, ಪೌಡರ್ ಡ್ರಮ್ ತೂಕ, ಇಷ್ಟೇ ಇದೆ. ಕಾರ್ಬನ್ ಅಲ್ಲಿ ಇಲ್ಲ. ಆಪರೇಟರ್ ಕೈಯಲ್ಲಿ ಇರುವುದು ನಲ್ಲಿ, ಸ್ವಿಚ್ಚು, ಕೊಕ್ಕೆ. ಟನ್ ಲೆಕ್ಕದ ಕಾರ್ಬನ್ ನೋಡಿ ಅವರು ಏನು ಮಾಡಬೇಕು?

ನಿಜವಾಗಿ ಹೋದ ಕರೆಂಟಿನಿಂದ ಬೇಸ್‌ಲೈನ್ ಕಳೆದು ಬರುವ ವ್ಯತ್ಯಾಸವನ್ನು ತಿಂಗಳು ತಿಂಗಳಿಗೆ ಕೂಡಿಸುತ್ತಾ ಹೋಗುವ ಕ್ಯೂಸಮ್ ಗ್ರಾಫ್ ಒಂದನ್ನು ಮೇಂಟೆನೆನ್ಸ್ ಆಫೀಸಿನಲ್ಲಿ ಹಾಕಿದ್ದೇವೆ. ಉಳಿತಾಯ ನಡೀತಿದ್ದರೆ ಗೆರೆ ಕೆಳಗೆ ಇಳಿಯುತ್ತಾ ಹೋಗುತ್ತದೆ. ಇತ್ತೀಚೆಗೆ ಅದು ಇಳಿಯುವುದು ನಿಂತು ಚಪ್ಪಟೆಯಾಯಿತು. ಹುಡುಕಿದಾಗ, ಓವನ್ ಖಾಲಿ ಇದ್ದಾಗ ಎಕ್ಸಾಸ್ಟ್ ಫ್ಯಾನಿನ ವೇಗ ತಾನಾಗೇ ಇಳಿಸುವ ಡ್ರೈವ್ ಅನ್ನು ಯಾರೋ ರಿಪೇರಿ ಸಮಯದಲ್ಲಿ ಮ್ಯಾನ್ಯುಯಲ್‌ಗೆ ಹಾಕಿ ಹಾಗೇ ಬಿಟ್ಟಿದ್ದರು. ಫ್ಯಾನಿನ ವೇಗ ಶೇ. 20 ಇಳಿಸಿದರೆ ಅದು ಎಳೆಯುವ ಕರೆಂಟು ಹೆಚ್ಚುಕಡಿಮೆ ಅರ್ಧ ಆಗುತ್ತದೆ, ಆ ಉಳಿತಾಯ ಪೂರ್ತಿ ಕೈತಪ್ಪಿತ್ತು, ಜೊತೆಗೆ ಓವನ್ ಗ್ಯಾಸಿನ ಉಳಿತಾಯವೂ. ಡ್ರೈವ್ ಮತ್ತೆ ಆಟೋಗೆ ಬಂತು. ಮುಂದೆ ಹೊಸ ಪಾರ್ಟ್ ಒಂದು ಲೈನಿಗೆ ಬರಲಿದೆ, ಹಳೆಯದಕ್ಕಿಂತ ಭಾರದ್ದು, ಓವನ್‌ನಲ್ಲಿ ಜಾಸ್ತಿ ಹೊತ್ತು ಬೇಕು. ಪೀಸ್ ಎಣಿಸುವ ಬದಲು ಕೆಜಿ ಲೆಕ್ಕದಲ್ಲಿ ಬೇಸ್‌ಲೈನ್ ಮತ್ತೆ ಎಳೆಯಬೇಕು. ಹಳೆ ರಿಜಿಸ್ಟರ್‌ನಿಂದ ತೂಕ ತೆಗೆಯುವ ಕೆಲಸ ಈಗ ನಡೀತಾ ಇದೆ.